ಮನೆವಾರ್ತೆ: ನೆರೆಮನೆಯ ನಾತಾಳ ಹಬ್ಬ

ಮಾರ್ಗಶಿರ ಮಾಸವು ಅರ್ಧ ಕಳೆಯಿತೆಂದರೆ ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಎರಡು ಬಗೆಯ ಪರಿಮಳಗಳು ಏಳುವುವು. ಒಂದು, ಹಂಚಿನ ಮೇಲೆ ಸಿಡಿಯುವ ಎಳ್ಳಿನದು. ಅದು ಎಳ್ಳಮಾವಾಸ್ಯೆಯ ಸಜ್ಜೆರೊಟ್ಟಿಯ ಗುರುತು. ಇನ್ನೊಂದು, ಏಲಕ್ಕಿಯೂ ಕಿತ್ತಳೆಯ ರಸವೂ ಕೂಡಿ ಬೇಯುವ ಹಿಟ್ಟಿನದು; ಅದು ನಮ್ಮ ನೆರೆಮನೆಯ ನಾತಾಳ ಹಬ್ಬದ್ದು. ನಾತಾಳವೆಂದರೆ ಕ್ರಿಸ್ಮಸ್ಸು. ಜನನವೆಂಬ ಅರ್ಥದ ಪೋರ್ತುಗೀಜ ಶಬ್ದವು ಗೋವೆಯ ದಾರಿ ಹಿಡಿದು ಬಂದು ನಮ್ಮ ಉತ್ತರದ ಹಿರಿಯರ ಬಾಯಲ್ಲಿ ಹೀಗೆ ನೆಲೆಸಿತು. ಆ ಮತವೂ ನಮ್ಮ ಸೀಮೆಗೆ ಅದೇ ದಾರಿಯಿಂದಲೇ ಬಂದಿತು. ನಮ್ಮ ತಾಲ್ಲೂಕಿಗೆ ಸೇರಿದ ಮುದಗಲ್ಲಿನಲ್ಲಿ, ಆದಿಲ್‌ಶಾಹಿ ಅರಸರ ಕಾಲದಲ್ಲಿ, 1557ನೆಯ ಇಸವಿಗೂ ಮುಂಚೆ ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳು ದೇವಾಲಯ ಕಟ್ಟಿದರೆಂದು ಹೇಳಿಕೆಯುಂಟು. ಹೀಗಾಗಿ ಕ್ರಿಸ್ಮಸ್ಸು ಇಂಗ್ಲಿಷರೊಡನೆ ಬಂದ ಹಬ್ಬವೆಂದು ತಿಳಿದಿರುವ ವಾಚಕಿಯರು ಒಮ್ಮೆ ಮುದಗಲ್ಲಿಗೆ ಬಂದು ಹೋಗಬೇಕು.

ನೆರೆಮನೆಯ ಆಯಿಯವರ ತವರು ಆ ಮುದಗಲ್ಲೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲಿಂದ ಉಪ್ಪಿನಕಾಯಿಯ ಬಟ್ಟಲು ಹೋಗಿಬರುತ್ತಿದ್ದಂತೆ ಹಬ್ಬದ ತಾಟುಗಳೂ ಹೋಗಿಬರುತ್ತಿದ್ದುವು. ನಾವು ಶಾಕಾಹಾರಿಗಳು, ನಮ್ಮ ಅತ್ತೆಯವರು ಈ ವಿಷಯದಲ್ಲಿ ಬಹು ಕಟ್ಟುನಿಟ್ಟಿನವರು. ಅದನ್ನರಿತ ಆಯಿಯವರು ಹಬ್ಬಕ್ಕೆ ಎರಡು ಕೇಕುಗಳನ್ನು ಬೇಯಿಸುತ್ತಿದ್ದರು: ತಮ್ಮ ಮನೆಗೆ ತತ್ತಿಯದು, ನಮಗೆ ಮೊಸರಿನದು. ಮೊಸರಿನ ಕೇಕಿನ ಬೋಗುಣಿಯು ಬೇರೆ. ಅದು ಬೆರೆತು ಹೋಗಬಾರದೆಂದು ಅದರ ಕಿವಿಗೆ ಕೆಂಪು ದಾರ ಕಟ್ಟಿಡುತ್ತಿದ್ದರು, ವರ್ಷವಿಡೀ ಅದರಲ್ಲಿ ಬೇರೇನನ್ನೂ ಮಾಡುತ್ತಿರಲಿಲ್ಲ.

ಒಲೆಯ ಮೇಲೆ ಕೇಕು ಬೇಯಿಸುವ ಅವರ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಬೇಕರಿಯಿಲ್ಲದ ಹಳ್ಳಿಯಲ್ಲಿರುವವರಿಗೆ ಉಪಯೋಗವಾದೀತು. ಒಂದು ಬಟ್ಟಲು ಮೊಸರಿಗೆ ಮುಕ್ಕಾಲು ಬಟ್ಟಲು ಸಕ್ಕರೆ ಹಾಕಿ ಕರಗುವವರೆಗೆ ಕಲಸಬೇಕು. ಅದಕ್ಕೆ ಅರ್ಧ ಚಮಚ ಅಡಿಗೆಯ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರು ಹಾಕಿ ಐದು ನಿಮಿಷ ಬಿಟ್ಟರೆ ನೊರೆಯೆದ್ದು ಮೇಲೆ ಬರುವುದು. ಆಗ ಅರ್ಧ ಬಟ್ಟಲು ಎಣ್ಣೆಯನ್ನೂ ಒಂದೂವರೆ ಬಟ್ಟಲು ಸೋಸಿದ ಮೈದಾವನ್ನೂ ಸೇರಿಸಬೇಕು. ಹೆಚ್ಚು ತಿರುವಬಾರದು, ತಿರುವಿದರೆ ಗಟ್ಟಿಯಾಗುವುದು. ಹಿಂದಿನ ರಾತ್ರಿಯೇ ಕಿತ್ತಳೆಯ ರಸದಲ್ಲಿ ನೆನೆಯಿಟ್ಟ ಒಣದ್ರಾಕ್ಷಿ, ಉತ್ತತ್ತಿ, ಗೋಡಂಬಿಯ ಚೂರುಗಳನ್ನು ಹಿಂಡಿ ತೆಗೆದು, ಒಣ ಮೈದಾದಲ್ಲಿ ಹೊರಳಿಸಿ ಬೆರಸಬೇಕು. ಹೊರಳಿಸದಿದ್ದರೆ ಅವೆಲ್ಲ ತಳಕ್ಕಿಳಿದು ಕೂಡ್ರುವುವು. ಇನ್ನು ಒಲೆ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ಮರಳು ಹಾಸಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿಕೊಂಡು, ಎಣ್ಣೆ ಸವರಿದ ಬೋಗುಣಿಯನ್ನು ಅದರೊಳಗಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಕಟ್ಟಿಗೆಯ ಒಲೆಯಿದ್ದ ಕಾಲದಲ್ಲಿ ಮುಚ್ಚಳದ ಮೇಲೂ ನಿಗಿನಿಗಿ ಕೆಂಡ ಹರಡುತ್ತಿದ್ದರು. ಕಸಬರಿಗೆಯ ಹೊಸ ಕಡ್ಡಿಯನ್ನು ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯತಕ್ಕದ್ದು. ನಡುವೆ ನಡುವೆ ಮುಚ್ಚಳ ತೆಗೆದು ಇಣುಕುವ ಚಪಲವನ್ನು ಮಾತ್ರ ಬಿಡಬೇಕು.

ಕೇಕು ಹೀಗೆ ಹೊರಗಿನಿಂದ ಬಂದದ್ದಾದರೂ ಉಳಿದ ತಿಂಡಿಗಳೆಲ್ಲ ನಮ್ಮವೇ. ಪುಟಾಣಿ, ಎಳ್ಳು, ಒಣಕೊಬ್ಬರಿ, ಗಸಗಸೆ, ಬೆಲ್ಲಗಳ ಹೂರಣದ ಕರ್ಚಿಕಾಯಿ, ಚಕ್ಕುಲಿ, ಉಂಡಿ. ಕರ್ಚಿಕಾಯಿಯ ಅಂಚಿಗೆ ನೀರಿನ ಬದಲು ಹಾಲು ಸವರಿ ಒತ್ತಿದರೆ ಎಣ್ಣೆಯಲ್ಲಿ ಬಾಯಿ ಬಿಡುವುದಿಲ್ಲವೆಂಬುದನ್ನು ನಾನು ಕಲಿತದ್ದು ಅವರಿಂದಲೇ. ಸಜ್ಜೆಯ ಹಿಟ್ಟನ್ನು ಬಹಳ ದಿನ ಇಟ್ಟರೆ ಅದರ ಜಿಡ್ಡು ಕೆಟ್ಟು ಕಹಿಯಾಗುವುದರಿಂದ ಬೇಕಾದಾಗ ಬೇಕಾದಷ್ಟೇ ಬೀಸಿಸಬೇಕೆಂಬುದನ್ನು ಅವರು ನಮ್ಮ ಅತ್ತೆಯವರಿಂದ ಕಲಿತಿದ್ದರು.

ಮನೆಯ ಅಲಂಕಾರದಲ್ಲಿ ಅವರ ಮನಸ್ಸೆಲ್ಲ ಗೋದಲಿಯ ಮೇಲೆ. ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯ ಆ ಚಿಕ್ಕ ಪ್ರತಿರೂಪವನ್ನು ಪಡಸಾಲೆಯ ಮೂಲೆಯಲ್ಲಿ ಎರೆಮಣ್ಣಿನಿಂದ ಕಟ್ಟುವರು. ಹಬ್ಬಕ್ಕೆ ಹತ್ತು ದಿನ ಮುಂಚೆ ಅಗಲವಾದ ತಟ್ಟೆಯಲ್ಲಿ ಮಣ್ಣೂ ಗೊಬ್ಬರವೂ ಹಾಕಿ ಜೋಳ ಬಿತ್ತಿದರೆ ಹಬ್ಬದ ಹೊತ್ತಿಗೆ ಗೇಣುದ್ದ ಸಸಿಯೆದ್ದು, ಗೋದಲಿಯ ಮುಂದೆ ಹಸುರು ಹುಲ್ಲುಗಾವಲಾಗುವುದು. ನವರಾತ್ರಿಯ ಘಟ್ಟದ ಸಸಿಯೂ ಇದೇ ಅಲ್ಲವೇ! ಕೊಟ್ಟಿಗೆಯ ಮಾಡಿಗೆ ಹಿಂದೆ ಜೋಳದ ಕಣಿಕೆಯನ್ನೇ ಹೊದಿಸುತ್ತಿದ್ದರಂತೆ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದ ಮೇಲೆ ನಮ್ಮ ಕಡೆಗೂ ನೆಲ್ಲುಹುಲ್ಲು ಸಿಕ್ಕುವಂತಾಯಿತು. ಸಿಂಧನೂರಿಗೆ ಕೊಟ್ಟ ನನ್ನ ತಂಗಿಯು ಪ್ರತಿವರ್ಷವೂ ಆಯಿಯವರಿಗೆಂದು ಒಂದು ಹೊರೆ ಹುಲ್ಲನ್ನು ಬಸ್ಸಿಗೆ ಹಾಕಿ ಕಳಿಸುವಳು. ಪಾಪ, ಅವಳ ಹೊಲದಲ್ಲಿ ಈಗ ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ನಿಂತ ಬೆಳೆಯೇ ಇರುವುದಿಲ್ಲ. ನೆಲ್ಲು ಕೊಯ್ದು ಬರಿಯ ಕೂಳೆ ಉಳಿದಿರುತ್ತದೆ. ನೀರು ಬಂದುದು ಭಾಗ್ಯವೇ. ಆದರೆ ಎದೆಯೆತ್ತರದ ಜೋಳದ ನಡುವೆ ನಡೆಯುವ ಸುಖವು ಅದರೊಂದಿಗೆ ಹೋಯಿತೆಂದು ಅವಳು ಹಲುಬುವಳು.

ಆ ಸುಖವು ನಮ್ಮಲ್ಲಿ ಇನ್ನೂ ಉಳಿದಿದೆ. ಅಮಾವಾಸ್ಯೆಯ ಮುಂಜಾವಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹೋಳಿಗೆ, ಕಡುಬು, ಮೊಸರನ್ನಗಳ ಬುತ್ತಿ ಕಟ್ಟಿ ಹೊಲಕ್ಕೆ ಹೋಗುವುದು. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುವುದು. ಎಲ್ಲ ಅಡಿಗೆಯನ್ನೂ ಒಂದಿಷ್ಟು ಕಲಸಿ ಬೆಳೆಯಲ್ಲೆಲ್ಲ ಚೆಲ್ಲುತ್ತ ಹೊಲ ಸುತ್ತುವುದು. ಅದೇ ಚರಗ, ತೆನೆ ಹೊತ್ತ ಭೂತಾಯಿಗೆ ಬಯಕೆಯ ಊಟ. ಆಯಿಯವರು ಒಂದು ವರ್ಷವೂ ತಪ್ಪದೆ ನಮ್ಮ ಬಂಡಿಯಲ್ಲಿ, ಅನಂತರ ನಮ್ಮ ಟ್ರ್ಯಾಕ್ಟರಿನಲ್ಲಿ, ಬುತ್ತಿಯ ಬುಟ್ಟಿ ಹಿಡಿದು ಕೂಡ್ರುತ್ತಿದ್ದರು. ಯಾರೋ ಒಮ್ಮೆ, ನಿಮ್ಮದಲ್ಲದ ಹಬ್ಬಕ್ಕೆ ನೀವೇಕೆ ಬರುವಿರೆಂದು ಕೇಳಿಯೇ ಬಿಟ್ಟರು. ಆಯಿಯವರು ನಕ್ಕು, “ನಿಮ್ಮ ಭೂತಾಯೀನೂ ಈಗ ತುಂಬಿದ ಬಸುರಿ, ನಮ್ಮ ಮರಿಯಮ್ಮನೂ ತುಂಬಿದ ಬಸುರಿ. ಬಯಕಿ ಊಟಕ್ಕ ನಾ ಬರದಿದ್ರ ಹ್ಯಾಂಗವಾ?” ಎಂದರು. ಕೇಳಿದವರು ಬಾಯಿ ಮುಚ್ಚಿದರು.

ನಾತಾಳದ ಮುನ್ನಾರಾತ್ರಿ ನಮ್ಮ ಮಕ್ಕಳು ಅವರೊಡನೆ ಮುದಗಲ್ಲಿಗೆ ಹೋಗಿ ಗೋದಲಿ ನೋಡಿ ಬರುವರು. ರಜೆಯಲ್ಲಿ ಒಂದು ದಿನ ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಮಸ್ಕಿಯ ಬೆಟ್ಟಕ್ಕೆ ಹೋಗುವೆವು. ಮಸ್ಕಿಯ ಬಂಡೆಯ ಮೇಲಿನ ಬರಹವನ್ನು 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಕಂಡುಹಿಡಿದರು. ಅದರಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ, ಶಾಸನಗಳ ದೇವಾನಾಂಪ್ರಿಯನು ಅಶೋಕ ಚಕ್ರವರ್ತಿಯೇ ಎಂಬುದು ನಿಶ್ಚಯವಾಯಿತು. ಧರ್ಮದಲ್ಲಿ ನಿರತನಾದರೆ ಸಾಮಾನ್ಯನೂ ಉತ್ತಮ ಗತಿಯನ್ನು ಪಡೆಯಬಹುದು, ಅದು ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬಾರದೆಂದು ಅದರ ತಾತ್ಪರ್ಯ. ಮಗನು ಇದನ್ನು ಓದಿ ಹೇಳಿದಾಗ ಆಯಿಯವರು, “ಅಷ್ಟು ದೊಡ್ಡ ಅರಸ ಇಷ್ಟು ಮೂಲ್ಯಾಗ ಯಾಕ ಬರಿಸಿದ್ನಪಾ?” ಎಂದು ಕೇಳಿ ಬಂಡೆಯ ನೆರಳಿನಲ್ಲಿ ಎಲೆಯಡಿಕೆಯ ಸಂಚಿ ಬಿಚ್ಚಿದರು.

ಅಮಾವಾಸ್ಯೆಯು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದು; ಅಧಿಕ ಮಾಸವು ಬಂದಾಗ ಮುಂದೆ ಹೋಗುವುದು. ನಾತಾಳವು ಡಿಸೆಂಬರ್ 25ರಿಂದ ಕದಲುವುದಿಲ್ಲ. ಆದುದರಿಂದ ಎರಡು ಹಬ್ಬಗಳೂ ಒಂದನ್ನೊಂದು ಮುಟ್ಟುವುದು ಅಪರೂಪ. 2000ದಲ್ಲಿ ಎರಡೂ ಒಂದೇ ದಿನ ಬಂದಿದ್ದುವು. ಹತ್ತೊಂಬತ್ತು ವರ್ಷಗಳಿಗೊಮ್ಮೆ ಚಂದ್ರನ ತಿಥಿಗಳು ಹೆಚ್ಚುಕಡಿಮೆ ಅದೇ ತಾರೀಖಿಗೆ ಮರಳುವುದರಿಂದ 2019ರಲ್ಲಿ ಮತ್ತೆ ಅದೇ ಪೇಚು ಬಂದಿತು. ಅಮಾವಾಸ್ಯೆಯು 25ರಂದು ಮಧ್ಯಾಹ್ನಕ್ಕೆ ಮುಂಚೆ ತೊಡಗಿ 26ರ ಮುಂಜಾನೆಯವರೆಗೆ ಇತ್ತು. 26ರಂದು ಬೆಳಿಗ್ಗೆಯೇ ಸೂರ್ಯಗ್ರಹಣ. ಕಾಸರಗೋಡಿನ ಕಡೆ ಅದು ಕಂಕಣಗ್ರಹಣವಾಗಿ ಕಂಡಿತು, ನಮ್ಮಲ್ಲಿ ಪಾರ್ಶ್ವಗ್ರಹಣ. ಗ್ರಹಣ ಹಿಡಿದ ಹೊತ್ತಿನಲ್ಲಿ ಬುತ್ತಿ ಕಟ್ಟುವುದೆಂತು? ಚರಗವನ್ನು 25ರಂದೇ ಮುಗಿಸಬೇಕೆಂದು ಅತ್ತೆಯವರು ತೀರ್ಮಾನಿಸಿದರು.

ಆಯಿಯವರಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಮನೆ ತುಂಬ ನೆಂಟರು, ಅವರು ಬರುವಂತಿಲ್ಲ. ನಾವು ಹೊಲಕ್ಕೆ ಹೋದರೆ ಹಬ್ಬದ ಮಧ್ಯಾಹ್ನ ಅವರ ಮನೆಗೆ ತಾಟು ಒಯ್ಯುವವರಿಲ್ಲ. ಅಂದು ಬೆಳಿಗ್ಗೆ ನಾನು ರೊಟ್ಟಿಗೆ ಎಳ್ಳು ಒತ್ತುತ್ತಿರುವಾಗ ಅವರೇ ಬಾಗಿಲಲ್ಲಿ ನಿಂತಿದ್ದರು. ನಡುರಾತ್ರಿಯ ಪೂಜೆ ಮುಗಿಸಿ ಮುದಗಲ್ಲಿನಿಂದ ಬಂದವರು ಮಲಗಿಯೇ ಇರಲಿಲ್ಲ, ಕಣ್ಣು ಕೆಂಪಾಗಿದ್ದುವು. ಕೈಯಲ್ಲಿ ಕೆಂಪು ದಾರದ ಬೋಗುಣಿ. “ನಾ ಬರಾಕಾಗಂಗಿಲ್ಲ. ಇದನ್ನ ಒಂಚೂರು ಚರಗದಾಗ ಹಾಕ್ರೆವಾ,” ಎಂದರು.

ನಾನು ಅತ್ತೆಯವರ ಮುಖ ನೋಡಿದೆನು. ಪೂಜೆಯ ಅಡಿಗೆಗೆ ಬೇರೆ ಮನೆಯ ಕಡ್ಡಿಯೂ ಸೇರಕೂಡದೆನ್ನುವವರು ಅವರು. ಮೂವತ್ತು ವರ್ಷಗಳಿಂದ ಆ ಕೇಕನ್ನು ತಿಂದಿದ್ದರು, ನಿಜ. ಆದರೆ ತಿನ್ನುವುದು ಬೇರೆ, ಚರಗ ಬೇರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊಸರಿಂದ ಹೌದಲ್ಲೋ?” ಎಂದು ಕೇಳಿದರು. “ದಾರ ನೋಡ್ರಿ,” ಎಂದರು ಆಯಿಯವರು. ಅತ್ತೆಯವರು ತಾವೇ ಬೋಗುಣಿಯನ್ನಿಸಿಕೊಂಡು, ಒಂದು ತುಂಡನ್ನು ಮುರಿದು ಪುಡಿಮಾಡಿ ಚರಗದ ಬುಟ್ಟಿಯಲ್ಲಿ ಕಲಸಿದರು. ಅಂದು ನಮ್ಮ ಜೋಳದ ಸಾಲುಗಳಲ್ಲಿ ಒಣದ್ರಾಕ್ಷಿಯೂ ಬಿದ್ದಿತು.

ಮರುವರ್ಷ ಬೇಸಗೆಯಲ್ಲಿ ಆಯಿಯವರು ತೀರಿಕೊಂಡರು. ಸಾಂಕ್ರಾಮಿಕದ ಕಟ್ಟುಗಳಿದ್ದ ಆ ದಿನಗಳಲ್ಲಿ ಮಣ್ಣಿಗೆ ಹೋಗುವವರನ್ನೂ ಎಣಿಸಿ ಬಿಡುತ್ತಿದ್ದರು. ನಾವು ಗೋಡೆಯ ಈಚೆಗೇ ನಿಂತೆವು.

ಬೆಂಗಳೂರಿನಲ್ಲಿದ್ದ ಅವರ ಮಗನೂ ಸೊಸೆಯೂ ಮನೆಯಿಂದಲೇ ಕೆಲಸ ಮಾಡುವಂತಾಗಿ ಆ ವರ್ಷ ಊರಲ್ಲಿಯೇ ಉಳಿದರು. ಡಿಸೆಂಬರಿನಲ್ಲಿ ಒಂದು ಸಂಜೆ ಆ ಹುಡುಗಿಯು ನಮ್ಮ ಅಡಿಗೆಮನೆಯ ಹೊಸ್ತಿಲಿಗೆ ಬಂದು, “ಅಕ್ಕಾವ್ರೆ, ಕೇಕು ಬೇಕರಿಯಿಂದ ತರಿಸಬಹುದು. ಆದರೆ ಇವರು ಅಮ್ಮನ ಕೇಕೇ ಬೇಕೆಂದು ಕೂತಿದ್ದಾರೆ. ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ,” ಎಂದಳು. ಅವಳ ದನಿಯಲ್ಲಿದ್ದ ನಾಚಿಕೆಯು ನನಗೆ ತಿಳಿಯಿತು; ಅತ್ತೆಯಿಂದ ಕಲಿಯುವುದನ್ನು ನಾಳೆಗೆಂದು ಮುಂದೆ ಹಾಕದ ಸೊಸೆ ಯಾರಿದ್ದಾಳೆ? ತತ್ತಿಯ ಕೇಕಿನ ಅಳತೆ ನನಗೆ ಗೊತ್ತಿರಲಿಲ್ಲ. ಮೊಸರಿನದು ಗೊತ್ತಿತ್ತು. ಆ ವರ್ಷ ಅವರ ಹಬ್ಬಕ್ಕೂ ಮೊಸರಿನದೇ ಆಯಿತು. ಮರಳು ಕಾಯಿಸಿದೆವು, ಕಡ್ಡಿ ಚುಚ್ಚಿದೆವು. ಹುಡುಗಿಯು ಮೂರು ಸಲ ಮುಚ್ಚಳ ತೆಗೆದು ಇಣುಕಿದಳು, ಆದುದರಿಂದ ನಡುವೆ ತುಸು ಕುಸಿಯಿತು. ಅವಳ ಗಂಡನು ಒಂದು ತುಣುಕು ಬಾಯಿಗಿಟ್ಟುಕೊಂಡು, ಇದು ಅಮ್ಮನದಲ್ಲವೆನ್ನಲಿಲ್ಲ; ಎದ್ದು ಹೊರಗೆ ಹೋದನು.

ಆ ಸಲ ಅಧಿಕ ಮಾಸ ಬಂದಿದ್ದುದರಿಂದ ಎಳ್ಳಮಾವಾಸ್ಯೆಯು ಜನವರಿಯ ನಡುವಿಗೆ ಹೋಯಿತು. ಹುಡುಗಿಯು ಟ್ರ್ಯಾಕ್ಟರಿನಲ್ಲಿ ಅತ್ತೆಯವರ ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಳು. ಅದನ್ನು ಹಿಡಿಯುವ ಕ್ರಮವನ್ನು ಅತ್ತೆಯವರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಅವರು ಬೆಂಗಳೂರಿಗೆ ಹಿಂದಿರುಗುವಾಗ ದೊಡ್ಡ ಪಾತ್ರೆಯನ್ನು ಕೊಂಡೊಯ್ದು, ದಾರದ ಬೋಗುಣಿಯನ್ನು ನಮ್ಮಲ್ಲಿ ಬಿಟ್ಟರು. ದಾರವು ಜೀರ್ಣವಾಗಿತ್ತು, ಬೇರೆ ಕಟ್ಟಿದ್ದೇನೆ. ಮೊನ್ನೆ ಹುಡುಗಿಯು ಫೋನು ಮಾಡಿ, ಮೊಸರು ಹುಳಿಯಾಗಿದ್ದರೆ ನಡೆದೀತೇ ಎಂದು ಕೇಳಿದಳು. ಒಂದು ದಿನದ ಹುಳಿ ನಡೆಯುವುದು, ಸೋಡಾ ಚೆನ್ನಾಗಿ ಏಳುವುದು. ಎರಡು ದಿನದ್ದು ಬೇಡವೆಂದು ಆಯಿಯವರು ಹೇಳುತ್ತಿದ್ದರೆಂದೆನು.