ಹುಟ್ಟದ ಮಗುವಿನ ಒಪ್ಪಿಗೆ ಪಡೆದವರಾರು?

2018ರ ನವೆಂಬರ್ ಕೊನೆಯ ವಾರದಲ್ಲಿ ಚೀನಾದ ಶೆನ್‌ಝೆನ್ ನಗರದ ವಿಜ್ಞಾನಿ ಹೆ ಜಿಯಾನ್‌ಕುಯಿ ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡು, ತಾನು ಭ್ರೂಣಾವಸ್ಥೆಯಲ್ಲೇ ವಂಶವಾಹಿಯನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಜನಿಸಿದ್ದಾರೆಂದು ಘೋಷಿಸಿದಾಗ ವಿಜ್ಞಾನ ಲೋಕವೇ ಬೆಚ್ಚಿಬಿದ್ದಿತ್ತು. ಮಾನವ ಇತಿಹಾಸದಲ್ಲಿ ಇಂತಹ ಜನನ ಅದೇ ಮೊದಲು. ಮರುವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯವು ಆತನಿಗೆ ಮೂರು ವರ್ಷಗಳ ಸೆರೆವಾಸವನ್ನೂ 30 ಲಕ್ಷ ಯುವಾನ್ ದಂಡವನ್ನೂ ವಿಧಿಸಿತು. ಇಂತಹ ಮೂರನೆಯ ಮಗುವೊಂದು ಜನಿಸಿದ ಸಂಗತಿಯೂ ಆಗಲೇ ದೃಢಪಟ್ಟಿತು. 2022ರಲ್ಲಿ ಆತ ಬಿಡುಗಡೆಗೊಂಡ. ಆದರೆ ಆ ಮಕ್ಕಳಿಗೆ ಬಿಡುಗಡೆ ಎಂಬುದಿಲ್ಲ. ಅವರ ದೇಹದಲ್ಲಾದ ತಿದ್ದುಪಡಿಯು ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹರಿದು ಹೋಗಬಹುದಾದಂಥದ್ದು.

ಈ ತಂತ್ರದ ಹೆಸರು ಕ್ರಿಸ್ಪರ್. ಬ್ಯಾಕ್ಟೀರಿಯಾಗಳು ತಮ್ಮ ಮೇಲೆರಗುವ ವೈರಸ್‌ಗಳ ಗುರುತನ್ನು ನೆನಪಿಟ್ಟುಕೊಂಡು, ಅವು ಮತ್ತೆ ಬಂದಾಗ ಅವುಗಳ ಎಳೆಯನ್ನೇ ಕತ್ತರಿಸಿ ಹಾಕುತ್ತವೆ. ಕಣ್ಣಿಗೆ ಕಾಣದ ಜೀವಿಗೆ ಸೃಷ್ಟಿಕರ್ತನು ಕರುಣಿಸಿದ ಈ ರಕ್ಷಣೆಯನ್ನು, ಬೇಕಾದೆಡೆ ಕತ್ತರಿಸಬಲ್ಲ ಸಾಧನವನ್ನಾಗಿ ಮಾರ್ಪಡಿಸಬಹುದೆಂದು ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪೆಂಟಿಯೆ 2012ರಲ್ಲಿ ತೋರಿಸಿದರು. 2020ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಕುರ್‌ಆನ್ ಮನುಷ್ಯನನ್ನು ಮತ್ತೆ ಮತ್ತೆ ಚಿಂತನೆಗೆ ಕರೆಯುವುದು ಇಂತಹ ಕುರುಹುಗಳ ಕಡೆಗೇ ಅಲ್ಲವೇ? ಆದ್ದರಿಂದ ವಿಜ್ಞಾನವೆಂದೊಡನೆ ಹೌಹಾರುವ ಅಗತ್ಯ ನಮಗಿಲ್ಲ.

ಹಾಗಾದರೆ ಹೆ ಜಿಯಾನ್‌ಕುಯಿ ಮಾಡಿದ ತಪ್ಪೇನು? ಆತ ಆರಿಸಿಕೊಂಡದ್ದು ಎಚ್‌ಐವಿ ಸೋಂಕಿತ ಗಂಡಂದಿರು ಮತ್ತು ಸೋಂಕಿಲ್ಲದ ಹೆಂಡತಿಯರಿದ್ದ ದಂಪತಿಗಳನ್ನು. ವೈರಸ್ ಜೀವಕೋಶದೊಳಕ್ಕೆ ನುಸುಳಲು ಬಳಸುವ ಸಿಸಿಆರ್5 ಎಂಬ ಬಾಗಿಲನ್ನು ಮುಚ್ಚಿಬಿಟ್ಟರೆ ಮಕ್ಕಳಿಗೆ ಏಡ್ಸ್ ಬಾರದು ಎಂಬುದು ಆತನ ವಾದವಾಗಿತ್ತು. ಆದರೆ ಇಂತಹ ದಂಪತಿಗಳಿಗೆ ಸೋಂಕಿಲ್ಲದ ಮಗುವನ್ನು ಪಡೆಯಲು ವೀರ್ಯವನ್ನು ಶುದ್ಧೀಕರಿಸುವ ಸರಳ ವಿಧಾನ ಮೊದಲೇ ಇತ್ತು. ಅಂದರೆ ಆ ಮಕ್ಕಳಿಗೆ ರೋಗವೂ ಇರಲಿಲ್ಲ, ಈ ಚಿಕಿತ್ಸೆಯ ಅಗತ್ಯವೂ ಇರಲಿಲ್ಲ. ಆ ಕೆಲಸವಾದರೂ ಸರಿಯಾಗಿ ನಡೆಯಿತೇ? ಉತ್ತರ ಯುರೋಪಿನ ಕೆಲವರಲ್ಲಿ ಸಹಜವಾಗಿಯೇ ಕಂಡುಬರುವ ಬದಲಾವಣೆಯನ್ನು ಅನುಕರಿಸಲು ಹೊರಟವನು ಅದನ್ನು ಸಾಧಿಸದೆ, ಬೇರೆಯೇ ಬದಲಾವಣೆಗಳನ್ನು ಉಂಟುಮಾಡಿದ್ದ. ಅವಳಿಗಳಲ್ಲಿ ಒಬ್ಬಳಲ್ಲಿ ವಂಶವಾಹಿಯ ಒಂದು ಪ್ರತಿ ಬದಲಾಗದೆ ಹಾಗೆಯೇ ಉಳಿದಿತ್ತು. ಇದೇ ಸಿಸಿಆರ್5 ಇಲ್ಲದವರಿಗೆ ವೆಸ್ಟ್ ನೈಲ್ ಜ್ವರವು ಹೆಚ್ಚು ಅಪಾಯಕಾರಿ ಎಂಬುದು ಮೊದಲೇ ತಿಳಿದಿತ್ತು.

ಎಲ್ಲಕ್ಕಿಂತ ಆಘಾತಕಾರಿಯಾದುದು ಒಪ್ಪಿಗೆ ಪತ್ರ. ದಂಪತಿಗಳು ಸಹಿ ಹಾಕಿದ ಆ ಪತ್ರದಲ್ಲಿ ಇಡೀ ಪ್ರಯೋಗವನ್ನು ಏಡ್ಸ್ ಲಸಿಕೆ ಅಭಿವೃದ್ಧಿ ಯೋಜನೆ ಎಂದು ಕರೆಯಲಾಗಿತ್ತು! ಸಮಾಜ ದೂರವಿಟ್ಟ, ಮಗುವಿಗಾಗಿ ಹಂಬಲಿಸುತ್ತಿದ್ದ ರೋಗಿಗಳ ಅಸಹಾಯಕತೆಯೇ ಇಲ್ಲಿ ಕಚ್ಚಾವಸ್ತುವಾಯಿತು. ಇದೇನೂ ಹೊಸತಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರ ವರೆಗೆ ಬಡ ಕಪ್ಪು ಜನರ ಸಿಫಿಲಿಸ್ ರೋಗವನ್ನು ಸರಕಾರಿ ವೈದ್ಯರೇ ಚಿಕಿತ್ಸೆ ನೀಡದೆ 'ಅಧ್ಯಯನ' ಮಾಡುತ್ತಾ ಕುಳಿತರು. ಪೆನಿಸಿಲಿನ್ ಬಂದ ಬಳಿಕವೂ ಅದನ್ನು ಅವರಿಗೆ ಕೊಡಲಿಲ್ಲ. ಪ್ರಯೋಗಶಾಲೆಯ ಮೊದಲ ಮೆಟ್ಟಿಲಲ್ಲಿ ಯಾವಾಗಲೂ ನಿಲ್ಲಿಸಲ್ಪಡುವವರು ದುರ್ಬಲರೇ.

ಮಕ್ಕಾದ ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಅಕಾಡೆಮಿಯು 1998ರಷ್ಟು ಹಿಂದೆಯೇ ಈ ಬಗ್ಗೆ ಚರ್ಚಿಸಿತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ರೋಗವನ್ನು ತಡೆಯಲು, ಗುಣಪಡಿಸಲು ಅಥವಾ ಅದರ ಬಾಧೆಯನ್ನು ತಗ್ಗಿಸಲು ವಂಶವಾಹಿ ತಂತ್ರವನ್ನು ಬಳಸಬಹುದು, ಅದರಿಂದ ಹೆಚ್ಚಿನ ಹಾನಿ ಉಂಟಾಗಬಾರದು. ಮನುಷ್ಯನ ವ್ಯಕ್ತಿತ್ವದೊಂದಿಗೆ ಆಟವಾಡಲು ಅಥವಾ ತಳಿ ಸುಧಾರಣೆಯ ಹೆಸರಿನಲ್ಲಿ ಕೈಹಾಕಲು ಬಳಸಕೂಡದು ಎಂಬುದು ಅದರ ತೀರ್ಮಾನದ ಸಾರ. ಆದರೆ ನಮ್ಮ ಮಿಂಬರ್‌ಗಳಲ್ಲಿ ಈ ವಿಷಯ ಎಷ್ಟು ಬಾರಿ ಪ್ರಸ್ತಾಪವಾಗಿದೆ?

ಚಿಕಿತ್ಸೆಯ ವಿಷಯಕ್ಕೆ ಬಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ರೋಗಕ್ಕೆ ಕ್ರಿಸ್ಪರ್ ಆಧಾರಿತ ಮೊದಲ ಚಿಕಿತ್ಸೆ ಕ್ಯಾಸ್ಜೆವಿಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ನೀಡಿದವು. ಇಲ್ಲಿ ತಿದ್ದುವುದು ರೋಗಿಯ ರಕ್ತದ ಮೂಲಕೋಶಗಳನ್ನು ಮಾತ್ರ. ಅದು ಸಂತತಿಗೆ ಹರಿಯದು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಹೆಚ್ಚು. ಭಾರತದಲ್ಲಿ ಈ ರೋಗ 1952ರಲ್ಲಿ ಮೊದಲು ಪತ್ತೆಯಾದದ್ದು ನೀಲಗಿರಿಯ ಆದಿವಾಸಿಗಳಲ್ಲಿ. ಇದರ ನಿರ್ಮೂಲನೆಗೆಂದು ಕೇಂದ್ರ ಸರಕಾರ 2023ರ ಜುಲೈಯಲ್ಲಿ ಆರಂಭಿಸಿದ ಯೋಜನೆಯ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದೆ. ಹಾಡಿಯ ತಾಯಿಯೊಬ್ಬಳು 18 ಕೋಟಿ ಎಣಿಸುವುದಾದರೂ ಹೇಗೆ? ದಿಲ್ಲಿಯ ಸಿಎಸ್‌ಐಆರ್ ಸಂಸ್ಥೆಯ ವಿಜ್ಞಾನಿಗಳು ದೇಶೀಯ ಚಿಕಿತ್ಸೆಯೊಂದನ್ನು ರೂಪಿಸಿ, ಬಿರ್ಸಾ ಮುಂಡಾರ ನೆನಪಿನಲ್ಲಿ 'ಬಿರ್ಸಾ 101' ಎಂದು ಹೆಸರಿಸಿರುವುದು ಸ್ವಾಗತಾರ್ಹ. ಆದರೆ ಹೆಸರಿನಲ್ಲಿರುವ ಆದಿವಾಸಿ ಬೆಲೆಪಟ್ಟಿಯನ್ನು ನಿಗದಿಪಡಿಸುವಾಗಲೂ ನೆನಪಿನಲ್ಲಿರಬೇಕು.

ನಿಜವಾದ ಆತಂಕ ಇರುವುದು ಬೇಡಿಕೆಯಲ್ಲಿ. ಗರ್ಭದಲ್ಲಿನ ನ್ಯೂನತೆಯನ್ನು ಪತ್ತೆಹಚ್ಚಲು ಬಂದ ಸ್ಕ್ಯಾನಿಂಗ್ ಯಂತ್ರವನ್ನು ಈ ದೇಶ ಹೆಣ್ಣು ಭ್ರೂಣವನ್ನು ಹುಡುಕಿ ಕೊಲ್ಲಲು ಬಳಸಿತು. 1994ರಲ್ಲಿ ಕಾನೂನು ಬಂತು. ಆದರೂ ಸಾವಿರ ಗಂಡುಮಕ್ಕಳಿಗೆ 2001ರಲ್ಲಿ 927ರಷ್ಟಿದ್ದ ಹೆಣ್ಣುಮಕ್ಕಳ ಪ್ರಮಾಣ 2011ರ ಜನಗಣತಿಯ ವೇಳೆಗೆ ಇನ್ನೂ ಕುಸಿಯಿತು. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು ಮುಂದಿಟ್ಟು ಕುರ್‌ಆನ್ ಎತ್ತಿದ ಪ್ರಶ್ನೆ ಆ ಸ್ಕ್ಯಾನಿಂಗ್ ಕೊಠಡಿಗೂ ಅನ್ವಯವಾಗುತ್ತದೆ. 2017ರಲ್ಲಿ ಸಂಘ ಪರಿವಾರದ ಆರೋಗ್ಯ ಭಾರತಿಯು 'ಉತ್ತಮ ಸಂತತಿ'ಯ ಹೆಸರಿನಲ್ಲಿ ಎತ್ತರದ, ಬಿಳಿ ಬಣ್ಣದ ಮಕ್ಕಳನ್ನು ಪಡೆಯುವ ವಿಧಾನಗಳನ್ನು ಬೋಧಿಸುತ್ತಿದ್ದುದು ಸುದ್ದಿಯಾಗಿತ್ತು. ಅದು ಆಹಾರ, ಮುಹೂರ್ತಗಳ ಮಾತಾದ್ದರಿಂದ ಹಲವರು ನಕ್ಕು ಸುಮ್ಮನಾದರು. ಅದೇ ಬಯಕೆಯ ಕೈಗೆ ಕ್ರಿಸ್ಪರ್ ಸಿಕ್ಕಿದರೆ ನಗಲಾದೀತೇ? ಬಯಕೆಯ ಮಟ್ಟಿಗೆ ನಮ್ಮ ಸಮುದಾಯವೇನೂ ಹಿಂದೆ ಬಿದ್ದಿಲ್ಲ. ಹುಡುಗಿ ಬೆಳ್ಳಗಿಲ್ಲವೆಂದು ಸಂಬಂಧ ಮುರಿಯುವವರು, ಬಣ್ಣಕ್ಕೆ ತಕ್ಕಂತೆ ವರದಕ್ಷಿಣೆ ಏರಿಸುವವರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಬಿಲಾಲ್(ರ)ರನ್ನು ಕಅಬಾದ ಮೇಲೇರಿಸಿ ಅದಾನ್ ಕೊಡಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು!

ಚೀನಾ ತನ್ನ ತಪ್ಪಿನಿಂದ ಪಾಠ ಕಲಿತು, ತಿದ್ದಿದ ಭ್ರೂಣವನ್ನು ಗರ್ಭಕ್ಕೆ ಸೇರಿಸುವುದನ್ನು 2021ರಿಂದ ದಂಡಸಂಹಿತೆಯಲ್ಲೇ ಅಪರಾಧವನ್ನಾಗಿಸಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ನಿಷೇಧಿಸಿದೆ. ಆದರೆ ಮಾರ್ಗಸೂಚಿ ಕಾನೂನಲ್ಲ. ಅದನ್ನು ಮುರಿದವನನ್ನು ಜೈಲಿಗಟ್ಟುವ ಶಕ್ತಿ ಅದಕ್ಕಿಲ್ಲ. ಬಂಜೆತನ ಚಿಕಿತ್ಸಾ ಕೇಂದ್ರಗಳು ಊರೂರಿನಲ್ಲಿ ತಲೆಯೆತ್ತುತ್ತಿರುವ ಈ ರಾಜ್ಯದಿಂದ ಆರಿಸಿ ಹೋದ ಸಂಸದರಲ್ಲಿ ಒಬ್ಬರಾದರೂ ಈ ಮಾತನ್ನು ಲೋಕಸಭೆಯಲ್ಲಿ ಎತ್ತಲಿ. ನಮ್ಮ ಉಲೇಮಾಗಳು ಮತ್ತು ನಮ್ಮ ವೈದ್ಯರು ಅದಕ್ಕೂ ಮೊದಲೇ ಒಂದೆಡೆ ಕುಳಿತುಕೊಳ್ಳಬಹುದು. ಅದಕ್ಕೆ ಯಾವ ಮಸೂದೆಯೂ ಬೇಕಾಗಿಲ್ಲ.