ವಿಮಾನ ನಿಲ್ದಾಣದ ನೆಲದ ಸೇವೆಯೂ ನಮ್ಮ ಹೂವು ತರಕಾರಿಗಳೂ

ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ, ಬೆಂಗಳೂರಿನ ದಕ್ಷಿಣದ ಉತ್ತರಹಳ್ಳಿ, ಕಗ್ಗಲೀಪುರ, ಆನೇಕಲ್ಲು ಕಡೆಗಳ ಒಕ್ಕಲುತನಕ್ಕೂ ಏನು ಸಂಬಂಧವೆಂದು ಗ್ರಾಮ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಅನೇಕರು ಕೇಳುವುದುಂಟು. ಸಂಬಂಧವು ಹತ್ತಿರದ್ದೇ ಆಗಿದೆ. 2008ನೆಯ ಇಸವಿ ಮೇ ತಿಂಗಳಲ್ಲಿ ಆರಂಭವಾದ ಈ ನಿಲ್ದಾಣಕ್ಕೆ 2019ರಲ್ಲಿ ಎರಡನೆಯ ರನ್‌ವೇಯೂ, 2022ರಲ್ಲಿ ಎರಡನೆಯ ಟರ್ಮಿನಲ್ಲೂ ಏರ್ಪಟ್ಟುವು. ಇವುಗಳೊಡನೆ ಅಲ್ಲಿನ ನೆಲದ ಸೇವೆಯೂ ವಿಸ್ತಾರವಾಗುತ್ತ ಬಂದಿದೆ.

ನೆಲದ ಸೇವೆಯೆಂದರೆ ವಿಮಾನವು ಇಳಿದು ಮತ್ತೆ ಏರುವವರೆಗೆ ನಡೆಯತಕ್ಕ ಕೆಲಸಗಳೆಲ್ಲವೂ ಹೌದು. ಪ್ರಯಾಣಿಕರ ಗಂಟುಮೂಟೆಗಳನ್ನು ಸಾಗಿಸುವುದು ಅದರ ಒಂದು ಭಾಗ. ಸರಕನ್ನು ತೂಗಿ, ಪರೀಕ್ಷಿಸಿ, ತಂಪಿನಲ್ಲಿರಿಸಿ, ಹೊರೆಗಟ್ಟಿ ವಿಮಾನಕ್ಕೆ ತುಂಬುವುದು ಇನ್ನೊಂದು ಭಾಗ. ನಮಗೆ ಸಂಬಂಧಪಟ್ಟುದು ಈ ಎರಡನೆಯದೇ. ಬೇಗನೆ ಕೆಡುವ ಪದಾರ್ಥಗಳಿಗಾಗಿಯೇ ಅಲ್ಲಿ 2016ರಲ್ಲಿ ಪ್ರತ್ಯೇಕ ಶೀತಲಗೃಹವು ತೆರೆಯಲ್ಪಟ್ಟಿತು. ಫೆಬ್ರವರಿ 14ಕ್ಕೆ ಮುಂಚಿನ ವಾರಗಳಲ್ಲಿ ಅಲ್ಲಿಂದ ಗುಲಾಬಿಯು ದೇಶದ ಇತರ ನಗರಗಳಿಗೂ ಪರದೇಶಗಳಿಗೂ ಹೇರಳವಾಗಿ ಹೋಗುವುದು ಸರ್ವವಿದಿತವಾಗಿದೆ.

ಆದರೆ ನಿಲ್ದಾಣದ ಬಾಗಿಲಲ್ಲಿ ಮೊದಲಾಗುವ ತಂಪು ಬಹಳ ತಡವಾದ ತಂಪು. ಕೊಯ್ದ ಹೂವೂ ಕಾಯಿಯೂ ಉಸಿರಾಡುತ್ತಲೇ ಇರುತ್ತವೆ. ಶಾಖವು 10 ಡಿಗ್ರಿ ಸೆಂಟಿಗ್ರೇಡು ಏರಿದರೆ ಈ ಉಸಿರಾಟವು ಎರಡು ಮೂರು ಪಟ್ಟು ಹೆಚ್ಚುವುದು. ಅಷ್ಟೇ ಶೀಘ್ರವಾಗಿ ಪದಾರ್ಥದ ಆಯುಸ್ಸು ಕ್ಷೀಣಿಸುವುದು. ಬನಶಂಕರಿಯಿಂದ ನಿಲ್ದಾಣಕ್ಕೆ 40 ಕಿಲೋಮೀಟರಿಗೂ ಮೇಲ್ಪಟ್ಟ ದೂರ. ನಗರದ ದಟ್ಟಣೆಯನ್ನು ಹಾಯ್ದು ಹೋಗುವ ಲಾರಿಯಲ್ಲಿ, ತಾರ್ಪಾಲಿನ ಕೆಳಗೆ ಗಂಟೆಗಟ್ಟಲೆ ಬೆಂದ ಗುಲಾಬಿಗೆ ಆಮೇಲೆ ಎಷ್ಟು ಉತ್ತಮವಾದ ಶೀತಲಗೃಹ ದೊರೆತರೂ ಕಳೆದುಹೋದ ಆಯುಸ್ಸು ಮರಳಿ ಬಾರದು. ಆದುದರಿಂದ ನೆಲದ ಸೇವೆಯು ನಮ್ಮ ಹೊಲದ ಬದುವಿನಿಂದಲೇ ಪ್ರಾರಂಭವಾಗತಕ್ಕದ್ದು.

ಇದಕ್ಕಾಗಿ ಮಾಡಬೇಕಾದುದು ಇಷ್ಟೆ. ಹೊತ್ತೇರುವುದಕ್ಕೆ ಮುಂಚೆಯೇ ಕೊಯ್ಲನ್ನು ಮುಗಿಸಿ ಮಾಲನ್ನು ನೆರಳಿಗೆ ಸೇರಿಸಬೇಕು. ಗುಲಾಬಿಯನ್ನು ಕೂಡಲೇ ಶುದ್ಧವಾದ ನೀರಿನಲ್ಲಿಟ್ಟು, 2ರಿಂದ 4 ಡಿಗ್ರಿಯವರೆಗೆ ತಂಪುಗೊಳಿಸಬೇಕು. ಮಾವಿಗೆ ಇಷ್ಟು ಚಳಿ ಸಲ್ಲದು. ಅದಕ್ಕೆ ಸುಮಾರು 13 ಡಿಗ್ರಿಯೇ ತಕ್ಕುದು. ಮಾಗುವ ಹಣ್ಣುಗಳು ಹೊರಬಿಡುವ ಎಥಿಲೀನ್ ಎಂಬ ಅನಿಲದಿಂದ ಹೂಗಳು ಬಾಡುವುವಾದ್ದರಿಂದ ಎರಡನ್ನೂ ಒಂದೇ ಕೋಣೆಯಲ್ಲಿ ಇಡಕೂಡದು. ಪರದೇಶಕ್ಕೆ ಕಳುಹಿಸುವ ಮಾಲಿಗೆ ಸಸ್ಯಾರೋಗ್ಯ ಪ್ರಮಾಣಪತ್ರವು ಬೇಕು. ಒಂದು ಪೆಟ್ಟಿಗೆಯಲ್ಲಿ ಕೀಟವು ಕಂಡುಬಂದರೂ ಇಡೀ ರವಾನೆಯು ನಿಲ್ಲಬಹುದು.

ಇಷ್ಟೆಲ್ಲ ಏರ್ಪಾಡು ಒಂದೆರಡು ಎಕರೆಯ ಹಿಡುವಳಿದಾರನಿಗೆ ಎಲ್ಲಿಯದು ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಒಬ್ಬನಿಂದ ಆಗದು, ಹೋಬಳಿಗೊಂದು ಸಂಘದಿಂದ ಆದೀತು. ಲಾಲ್‌ಬಾಗಿನಲ್ಲಿ ಕಚೇರಿಯುಳ್ಳ ಹಾಪ್‌ಕಾಮ್ಸ್ ಸಂಸ್ಥೆಯು 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಹುಟ್ಟಿತೆಂಬುದನ್ನು ಹಿರಿಯರು ಬಲ್ಲರು. ಅದರಂತೆಯೇ ಮಾಲನ್ನು ವಿಂಗಡಿಸುವ, ಕಟ್ಟುವ, ತಂಪುಗೊಳಿಸುವ ಒಂದು ಕೊಟ್ಟಿಗೆಯನ್ನು ನಾಲ್ಕಾರು ಗ್ರಾಮಗಳು ಕೂಡಿ ಕಟ್ಟಬಹುದು. ಇಂಥ ಕಾರ್ಯಗಳಿಗಾಗಿಯೇ 2020ರಲ್ಲಿ ಕೇಂದ್ರ ಸರ್ಕಾರವು ಸ್ಥಾಪಿಸಿದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿಗಳವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿಯ ರಿಯಾಯಿತಿಯು ಏರ್ಪಟ್ಟಿತು. ಸದ್ಯದ ನಿಬಂಧನೆಗಳನ್ನು ಬ್ಯಾಂಕಿನಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು.

ನಿಲ್ದಾಣದವರಿಂದಲೂ ನಾವು ಕೇಳಬೇಕಾದುದುಂಟು. ಸೇವೆಯನ್ನು ವಿಸ್ತರಿಸುವಾಗ ದೊಡ್ಡ ವರ್ತಕರ ಹೊರೆಗಳಿಗೆ ಸ್ಥಳವನ್ನು ಒದಗಿಸಿದಂತೆಯೇ ಬೆಳೆಗಾರರ ಸಂಘಗಳ ಚಿಕ್ಕ ರವಾನೆಗಳಿಗೂ ಶೀತಲಗೃಹದಲ್ಲಿ ಸ್ಥಳವಿರಬೇಕು. ಶೀತಲಗೃಹದಿಂದ ವಿಮಾನದವರೆಗೆ ಪೆಟ್ಟಿಗೆಗಳು ಬಿಸಿಲಿನಲ್ಲಿ ನಿಲ್ಲಕೂಡದು. ಮಾಲು ತಿರಸ್ಕೃತವಾದರೆ ಅದರ ಕಾರಣವು ಮಧ್ಯವರ್ತಿಯ ಬಳಿಯಲ್ಲಿಯೇ ಉಳಿಯದೆ ಬೆಳೆದವನಿಗೆ ತಿಳಿಯಬೇಕು. ತಿಳಿಯದಿದ್ದರೆ ಅವನು ತಿದ್ದಿಕೊಳ್ಳುವುದೆಂತು?

ಈ ವಿಚಾರದಲ್ಲಿ ಕಾಲಹರಣವು ಸಲ್ಲದು. 1948ರಲ್ಲಿ ಜಯನಗರಕ್ಕೆ ತಳಹದಿ ಬಿದ್ದಂದಿನಿಂದ ಯಡಿಯೂರು, ಸಾರಕ್ಕಿ ಮೊದಲಾದ ಗ್ರಾಮಗಳ ಹೊಲ ತೋಟಗಳು ಒಂದೊಂದಾಗಿ ಬಡಾವಣೆಗಳಾದುವು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಗ್ರಾಮಗಳ ಹೆಸರುಗಳು ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಅಡಗಿವೆ. ಇನ್ನೂ ದಕ್ಷಿಣಕ್ಕಿರುವ ಊರುಗಳಿಗೂ ಅದೇ ಗತಿಯು ಸಮೀಪಿಸುತ್ತಿದೆ. ಎಕರೆಯ ಉತ್ಪತ್ತಿಯು ಸಂಸಾರವನ್ನು ಗೌರವದಿಂದ ಸಾಗಿಸುವಷ್ಟಾದರೆ ಮಾತ್ರ ಮಕ್ಕಳು ಭೂಮಿಯನ್ನು ಉಳಿಸಿಕೊಂಡಾರು. ಬರಿಯ ಬುದ್ಧಿವಾದದಿಂದ ಅದು ಉಳಿಯದು. ಮುಖಂಡರು ಮುಂದಿನ ಗ್ರಾಮಸಭೆಯಲ್ಲಿಯೇ ಈ ವಿಷಯವನ್ನು ಎತ್ತಿ, ಸಂಘದ ಸ್ಥಾಪನೆಗೆ ಮೊದಲು ಮಾಡುವರೆಂದು ಆಶಿಸುತ್ತೇನೆ.

— ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.