ಅಪರಾಧಶಾಸ್ತ್ರ ಓದಿದರೆ ಫೌಜದಾರನೇ ಆಗಬೇಕೆಂದೇನಿಲ್ಲ

ಬಾರಾವಿ ನಿಕಾಲ ಬಂದ ಕೂಡಲೇ ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ಭಾಗದ ಕನ್ನಡ ಮನೆಗಳಲ್ಲಿ ನರ್ಸಿಂಗ್, ಇಂಜಿನಿಯರಿಂಗ್, ಬಿಕಾಂ ಎಂದು ಚರ್ಚೆ ಸುರುವಾಗುತ್ತದೆ. ಈಚೆಗೆ ಈ ಯಾದಿಯಲ್ಲಿ ಅಪರಾಧಶಾಸ್ತ್ರದ ಹೆಸರೂ ಕೇಳಿಬರುತ್ತಿದೆ. ಟೀವಿಯ ಪತ್ತೇದಾರಿ ಧಾರಾವಾಹಿಗಳ ಪ್ರಭಾವವೂ ಇದ್ದೀತು. 'ಅದನ್ನ ಓದಿದ್ರ ಫೌಜದಾರ ಆಗ್ತಾನೇನ್ರಿ?' ಎಂಬುದು ಪಾಲಕರ ಮೊದಲ ಪ್ರಶ್ನೆ. ಫೌಜದಾರ ಆಗಲು ಯಾವುದೇ ಪದವಿ ಸಾಕು, ಪರೀಕ್ಷೆ ಪಾಸಾಗಬೇಕು ಅಷ್ಟೆ. ಅದಕ್ಕಾಗಿ ಈ ಶಾಸ್ತ್ರ ಓದಬೇಕಿಲ್ಲ.

ಪಾಲಕರು ಕೇಳದ ಇನ್ನೊಂದು ಪ್ರಶ್ನೆಯೇ ಹೆಚ್ಚು ಮುಖ್ಯವಾದುದು. ಅಪರಾಧಶಾಸ್ತ್ರ ಬೇರೆ, ವಿಧಿವಿಜ್ಞಾನ ಬೇರೆ. ರಕ್ತ, ವಿಷ, ಬೆರಳಚ್ಚು, ಮೊಬೈಲ್ ತಪಾಸಣೆ ಮಾಡುವುದು ವಿಧಿವಿಜ್ಞಾನ. ಅದರ ಪ್ರಯೋಗಾಲಯದಲ್ಲಿ ನೌಕರಿ ಬೇಕಾದರೆ ವಿಜ್ಞಾನದ ಪದವಿಯೇ ಬೇಕು. ಕಲಾ ಇಲ್ಲವೆ ವಾಣಿಜ್ಯ ಶಾಖೆಯಲ್ಲಿ ಕಲಿತು, ಮೇಲೆ ಅಪರಾಧಶಾಸ್ತ್ರದ ಎಂಎ ಮಾಡಿದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಫೀ ತುಂಬಿಸಿಕೊಳ್ಳುವ ಹೊತ್ತಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಯಾರಿಗೆ ನಷ್ಟ?

ವಿಜ್ಞಾನ ಓದಿದವರಿಗೆ ಕಾಲ ಅನುಕೂಲವಾಗಿದೆ ಎನ್ನಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಸಮಯವಿದೆ. ಅಷ್ಟರೊಳಗೆ ಜನ ಬೇಕಾಗುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಹಿಂದಿನಿಂದಲೂ ಇದೆ. 2020ರಲ್ಲಿ ರಚನೆಯಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡಕ್ಕೆ ಬಂದಿದೆ.

ಹಾಗಾದರೆ ಬರೀ ಅಪರಾಧಶಾಸ್ತ್ರ ನಿರುಪಯೋಗಿಯೇ? ಅಲ್ಲ. ಮನುಷ್ಯ ಯಾಕೆ ತಪ್ಪುದಾರಿ ಹಿಡಿದ, ಶಿಕ್ಷೆಯ ಮೇಲೆ ಅವನ ಗತಿ ಏನು, ಯಾರನ್ನು ಸಮಾಜ ಅಪರಾಧಿ ಅನ್ನುತ್ತದೆ ಎಂಬುದೇ ಅದರ ವಿಷಯ. ಸೋಲಾಪುರದವರಿಗೆ ಇದನ್ನು ಪುಸ್ತಕದಿಂದ ತಿಳಿಸಬೇಕಾಗಿಲ್ಲ. ಇಲ್ಲಿಯ ಸೆಟಲ್‌ಮೆಂಟ್ ಭಾಗದ ಹೆಸರೇ ಸಾಕ್ಷಿ. 1871ರ ಕಾಯ್ದೆಯಿಂದ ಇಡೀ ಜಾತಿಗಳನ್ನೇ 'ಗುನ್ಹೇಗಾರ' ಎಂದು ಬರೆದು, ತಂತಿ ಬೇಲಿಯೊಳಗೆ ಇಟ್ಟು, ಹಾಜರಿ ಕರೆಯುತ್ತಿದ್ದರು. ಹುಟ್ಟಿದ ಕೂಸೂ ಗುನ್ಹೇಗಾರನೇ! 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು, ಸಂಶಯ ಹೋಗಲಿಲ್ಲ. ಜೈಲಿನ ನಿಯಮಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು, ವಿಮುಕ್ತ ಜನಾಂಗದವರನ್ನು ರೂಢಿಗತ ಅಪರಾಧಿಗಳೆಂದು ಕಾಣುವುದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಲು 2024ರ ಅಕ್ಟೋಬರ್ ಬರಬೇಕಾಯಿತು.

ಜೈಲು ಕಲ್ಯಾಣ, ಮಕ್ಕಳ ರಕ್ಷಣಾ ಘಟಕ, 1958ರ ಕಾಯ್ದೆಯಂತೆ ನಡೆಯುವ ಪರಿವೀಕ್ಷಣಾಧಿಕಾರಿಯ ಕೆಲಸ, ಸಂತ್ರಸ್ತರ ನೆರವು ಇವು ಈ ಓದು ಒಯ್ಯಬಲ್ಲ ಜಾಗಗಳು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ ಇದನ್ನು ಸಮಾಜಕಾರ್ಯದ ಜೊತೆ ಕಲಿಸುತ್ತ ಬಂದಿದೆ. ಅದರ 'ಪ್ರಯಾಸ್' ಯೋಜನೆ 1990ರಿಂದ ಕೈದಿಗಳ ನಡುವೆ ದುಡಿಯುತ್ತಿದೆ. ಆದರೆ 'ಅಪರಾಧಶಾಸ್ತ್ರಜ್ಞ ಬೇಕು' ಎಂಬ ಸರಕಾರಿ ಜಾಹೀರಾತು ಬಲು ಅಪರೂಪ, ಸಂಸ್ಥೆಗಳಲ್ಲಿ ಪಗಾರವೂ ಅಷ್ಟಕ್ಕಷ್ಟೆ. ಜೊತೆಗೆ ಎಲ್‌ಎಲ್‌ಬಿ ಇಲ್ಲವೆ ಸಮಾಜಕಾರ್ಯದ ಪದವಿ ಇದ್ದರೆ ಕೈಹಿಡಿಯುತ್ತದೆ.

ಗಡಿಭಾಗದ ಹುಡುಗರಿಗೆ ಇಲ್ಲಿ ಒಂದು ಬಲವಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ನುಡಿದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ಕಾನೂನೇ ಹೇಳುತ್ತದೆ. ಮರಾಠಿಯ ಕೋರ್ಟಿನಲ್ಲಿ ಕನ್ನಡದ ಮುದುಕಿಯೊಬ್ಬಳು ಪಿಕಿಪಿಕಿ ನೋಡುತ್ತ ನಿಂತಾಗ ಎರಡೂ ಭಾಷೆ ಬಲ್ಲವರ ಬೆಲೆ ತಿಳಿಯುತ್ತದೆ.

ತೊಡಕೂ ಇದೆ. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಕರ್ನಾಟಕದ ನೇಮಕಾತಿಯಲ್ಲಿ ಮೀಸಲಾತಿಗೆ ನಡೆಯುವುದಿಲ್ಲ. ಧಾರವಾಡದಲ್ಲಿ ಓದಿ, ನೌಕರಿಗೆ ಅರ್ಜಿ ಹಾಕುವಾಗ ಇದು ಗೊತ್ತಾಗಬಾರದು. ಧಾರವಾಡದ ಎರಡೂ ವಿದ್ಯಾಸಂಸ್ಥೆಗಳು ಪ್ರವೇಶದ ನಿಯಮ, ಫೀ, ಹೊರರಾಜ್ಯದವರ ಜಾಗ ಎಷ್ಟು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿ ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮುಟ್ಟಿಸಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದಕ್ಕೆ ಮುಂದಾಗಲಿ, ಅದೂ ನಿಕಾಲ ಬರುವ ಮೊದಲೇ.